19ರ ಮುಂದಿನ ಎರಡು ಅಂಕಿ: ಪೇಟೆ ಬೀದಿಯ ಹಳೆ ಕಟ್ಟಡದ ರಿಪೇರಿ ದಿನಚರಿ

ತಗಡು ಬಿಚ್ಚಿದಾಗ ಮೊದಲು ಉದುರಿದ್ದು ಪಾರಿವಾಳದ ಗೂಡು. ಅದರ ಹಿಂದೆಯೇ ಒಂದು ಬುಟ್ಟಿಯಷ್ಟು ಒಣಗಿದ ಹಿಕ್ಕೆ. ಧೂಳು ಇಳಿದ ಮೇಲೆ ಮೇಲುಗಡೆ ಪ್ಯಾರಪೆಟ್ ಗೋಡೆಯ ನಡುವೆ ಗಾರೆಯಲ್ಲಿ ಮಾಡಿದ ಎರಡು ಅಂಕಿ ಕಂಡವು: 1, 9. ಅವುಗಳ ಪಕ್ಕದಲ್ಲಿ ಯಾರೋ ಬಳಿದ ಸಿಮೆಂಟಿನ ತೇಪೆ, ಅದರ ಮಧ್ಯೆ ತಗಡು ಹಿಡಿದಿದ್ದ ಬೋಲ್ಟಿನ ತೂತು.

"ಇಸವಿ ಬರೆದವರೆ ಸಾರ್, ಅರ್ಧ ತಿಂದ್ಕಂಡವರೆ" ಅಂದರು ಮೇಸ್ತ್ರಿ.

ಕಟ್ಟಡ ಎರಡು ಅಂತಸ್ತಿನದು. ಕೆಳಗೆ ಬೀದಿಗೆ ತೆರೆದ ಮೂರು ಅಂಗಡಿ, ಮೇಲೆ ಒಂದೇ ಉದ್ದನೆಯ ಕೋಣೆ. ಒಂದು ಕಾಲಕ್ಕೆ ಸರಕು ಇಡುತ್ತಿದ್ದ ಜಾಗ, ಆಮೇಲೆ ಆಫೀಸು, ಆಮೇಲೆ ಬೀಗ. ನನಗೂ ಅಣ್ಣನಿಗೂ ಜಂಟಿಯಾಗಿ ಬಂದದ್ದು. ಕೆಡವಿ ಕಟ್ಟೋಣ ಅನ್ನುವುದು ಅಣ್ಣನ ಮಾತು. ಮುಂಭಾಗ ಬಿಚ್ಚಿ ನೋಡಿ ಆಮೇಲೆ ಹೇಳು ಅನ್ನುವುದು ನನ್ನದು. ಅಣ್ಣ ಒಪ್ಪಿದ, ಆದರೆ ಒಂದು ಪ್ರಶ್ನೆ ಕೇಳಿದ: "ಇದು ಎಷ್ಟು ಹಳೇದು ಅಂತಾದರೂ ಗೊತ್ತಾ?"

ಗೊತ್ತಿರಲಿಲ್ಲ. ಕ್ರಯಪತ್ರದಲ್ಲಿ "ಹಾಲಿ ಇರುವ ಹಳೇ ಕಟ್ಟಡ ಸಹಿತ" ಅಂತ ಒಂದು ಸಾಲು, ಅಷ್ಟೇ. ಬರೆದವನಿಗೇ ಅದು ಹಳೆಯದಾಗಿತ್ತು. ಕಂದಾಯದ ದಾಖಲೆಯಲ್ಲಿ ಇಸವಿ ಇರುತ್ತದೆ, ಆದರೆ ಅದು ಕಂದಾಯ ಕಟ್ಟಲು ಶುರುಮಾಡಿದ ಇಸವಿ, ಗೋಡೆ ಎದ್ದ ಇಸವಿಯಲ್ಲ. ಈ ಎರಡನ್ನೂ ಒಂದೇ ಅಂದುಕೊಂಡು ಶತಮಾನೋತ್ಸವ ಮಾಡಿದವರಿಗೇನೂ ಕಡಿಮೆಯಿಲ್ಲ. ಅಮೆರಿಕದ ಊರುಗಳವರಿಗೆ ಈ ವಿಷಯದಲ್ಲಿ ಅದೃಷ್ಟವಿದೆ. 1867ರಲ್ಲಿ ಶುರುವಾದ ಸ್ಯಾನ್‌ಬಾರ್ನ್ ಕಂಪನಿ ಬೆಂಕಿ ವಿಮೆಯವರಿಗಾಗಿ ಒಂದೊಂದು ಕಟ್ಟಡವನ್ನೂ ನಕ್ಷೆ ಮಾಡಿ, ಇಟ್ಟಿಗೆಯದಕ್ಕೆ ಗುಲಾಬಿ, ಮರದ್ದಕ್ಕೆ ಹಳದಿ, ಕಲ್ಲಿನದಕ್ಕೆ ನೀಲಿ ಬಣ್ಣ ಬಳಿದು ಇಟ್ಟಿದೆ. ನಮ್ಮ ಕಟ್ಟಡಕ್ಕೆ ಅಂಥ ನಕ್ಷೆ ಇಲ್ಲ. ಹಾಗಾಗಿ ಗೋಡೆಯನ್ನೇ ಕೇಳಬೇಕಾಯಿತು. ರಿಪೇರಿ ಹೇಗೂ ಮಾಡಬೇಕಿತ್ತು.

ಮೊದಲ ವಾರ: ತಗಡು

ಸಾರುವೆ ಕಟ್ಟಲು ಎರಡು ದಿನ, ತಗಡು ಇಳಿಸಲು ಮೂರು ದಿನ. ತಗಡು ಅಂದರೆ ಅಲ್ಯೂಮಿನಿಯಂ ಹಾಳೆ, ಉದ್ದುದ್ದ ಮಡಿಕೆಯದು. ಮೇಲಿನ ಅಂತಸ್ತಿನ ಕಿಟಕಿಗಳನ್ನೂ ಸೇರಿಸಿ ಇಡೀ ಮುಖವನ್ನೇ ಮುಚ್ಚಿತ್ತು. ಬೀದಿಯಿಂದ ನೋಡಿದರೆ ಒಂದು ದೊಡ್ಡ ಡಬ್ಬಿ.

ಈ ಡಬ್ಬಿ ಹೊದಿಸುವ ಚಾಳಿ ಅಮೆರಿಕದ ಪೇಟೆಗಳಲ್ಲಿ 1950–60ರ ದಶಕದಲ್ಲಿ ಜೋರಾಗಿತ್ತು. ಊರ ಹೊರಗೆ ಮಾಲ್‌ಗಳು ಏಳತೊಡಗಿದ ಕಾಲ ಅದು. ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಮೊದಲ ಮಾಲ್, ವಿಕ್ಟರ್ ಗ್ರೂಯೆನ್ ವಿನ್ಯಾಸ ಮಾಡಿದ ಸೌತ್‌ಡೇಲ್, ಮಿನೆಸೋಟದ ಈಡೈನಾದಲ್ಲಿ 1956ರಲ್ಲಿ ಬಾಗಿಲು ತೆರೆಯಿತು. ಹಳೆ ಪೇಟೆಯವರು ಗಿರಾಕಿ ಹಿಡಿದಿಟ್ಟುಕೊಳ್ಳಲು ತಮ್ಮ ಇಟ್ಟಿಗೆ ಕಟ್ಟಡಗಳಿಗೆ ಲೋಹದ ಮುಖವಾಡ ಹಾಕಿ ಹೊಸದರಂತೆ ಕಾಣಿಸಲು ನೋಡಿದರು. ನಮ್ಮದರ ಮೇಲೆ ಅದು ಯಾವಾಗ ಹತ್ತಿತೋ. ಬೋಲ್ಟು ಬಿಗಿಯಲು ಕಾರ್ನಿಸನ್ನು (ಗೋಡೆಯಿಂದ ಚಾಚಿದ ಅಲಂಕಾರದ ಅಂಚು) ಏಳು ಕಡೆ ಕೊರೆದಿದ್ದಾರೆ, ಒಂದು ಕಡೆ ಹೂವಿನ ಕೆತ್ತನೆಯ ನಟ್ಟನಡುವೆ.

ಮೂರು ದಿನವೂ ಆ ತಗಡಿಗೆ ಬೈದುಕೊಂಡೇ ಕೆಲಸ ಮಾಡಿದೆ. ನಾಲ್ಕನೇ ದಿನ ಬೈಯುವುದು ಬಿಟ್ಟೆ. ಯಾಕೆಂದರೆ ತಗಡಿನ ಹಿಂದೆ ಮೇಲಿನ ಅಂತಸ್ತು ಹೆಚ್ಚೂಕಡಿಮೆ ಹಾಗೇ ಇತ್ತು. ಕಿಟಕಿಯ ಮರ, ಹಳೆ ಗಾಜು, ಇಟ್ಟಿಗೆಯ ಸಂದು, ಸುಣ್ಣದ ಪದರ, ಯಾವುದನ್ನೂ ಯಾರೂ ಮುಟ್ಟಿರಲಿಲ್ಲ. ಬಣ್ಣ ಬಳಿಯುವವನ ಕೈಗೂ ಸಿಕ್ಕಿರಲಿಲ್ಲ. ಹಾಳಾಗಿದ್ದದ್ದು ತಗಡಿನ ಕೆಳಗಿನ ಪಟ್ಟಿ, ಅಂಗಡಿ ಬಾಗಿಲ ಮೇಲಿನ ಭಾಗ. ಅಲ್ಲಿ ಯಾರೋ ನೀಟಾಗಿ, ನುಣುಪಾಗಿ, ಕಾಳಜಿಯಿಂದ ಸಿಮೆಂಟ್ ಪ್ಲಾಸ್ಟರ್ ಮಾಡಿದ್ದರು.

ಬಿರುಕು

ಎಡಗಡೆ ಅಂಗಡಿಯ ಬಾಗಿಲ ಮೇಲೆ ಅಡ್ಡಲಾಗಿ ಒಂದು ಬಿರುಕು. ನೆಲ ಕುಸಿದಾಗ ಬರುವ ಬಿರುಕು ಸಾಮಾನ್ಯವಾಗಿ ಓರೆಯಾಗಿ, ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲಿನಂತೆ ಏರುತ್ತದೆ. ಇದು ಹಾಗಿರಲಿಲ್ಲ. ದಾರ ಹಿಡಿದು ಎಳೆದಂತೆ ನೇರ, ಅಂಚಿನಲ್ಲಿ ಕೆಂಪು ಕಲೆ. ಕರಣೆಯ ಹಿಡಿಯಿಂದ ತಟ್ಟಿದರೆ ಬಿರುಕಿನ ಎರಡೂ ಕಡೆ ಟೊಳ್ಳು ಸದ್ದು.

ಮೊದಲು ಅದು ಇನ್ನೂ ಸರಿಯುತ್ತಿದೆಯೋ ನಿಂತಿದೆಯೋ ತಿಳಿಯಬೇಕು. ಹಳೆ ಉಪಾಯವನ್ನೇ ಮಾಡಿದೆ: ಸೂಕ್ಷ್ಮದರ್ಶಕಕ್ಕೆ ಬಳಸುವ ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಎರಡೂ ತುದಿಗೆ ಎಪಾಕ್ಸಿ ಹಾಕಿ ಅಂಟಿಸುವುದು. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಮೂರು ಕಡೆ ಅಂಟಿಸಿದೆ. ಹನ್ನೊಂದನೇ ದಿನ, ಒಂದು ಜೋರು ಮಳೆಯಾದ ಮೇಲೆ, ಎಡತುದಿಯದು ಒಡೆದಿತ್ತು. ಉಳಿದೆರಡು ಹಾಗೇ ಇದ್ದವು. ಎಡತುದಿಯ ಪಕ್ಕದಲ್ಲೇ ಮಳೆನೀರಿನ ಕೊಳವೆ ಇಳಿಯುತ್ತದೆ. ಅದರ ಸಂಧಿಯಲ್ಲಿ ನೀರು ಜಿನುಗಿ ಗೋಡೆಯ ಮೇಲೆ ಪಾಚಿ ಕಟ್ಟಿತ್ತು. ಅಷ್ಟು ಹೊತ್ತಿಗೆ ಒಳಗೇನಿದೆ ಅಂತ ಬಿಚ್ಚದೆಯೂ ಗೊತ್ತಾಗಿತ್ತು.

ಪ್ಲಾಸ್ಟರ್ ಕೀಳುವಾಗ ನನ್ನ ಮೊದಲ ತಪ್ಪು. ಬೇಗ ಮುಗಿಯಲಿ ಅಂತ ಕರೆಂಟಿನ ಬ್ರೇಕರ್ ಹಿಡಿದೆ. ಒಂದು ಮೊಳ ಜಾಗಕ್ಕೆ ಹತ್ತು ಇಟ್ಟಿಗೆಯ ಮುಖ ಪ್ಲಾಸ್ಟರಿನ ಜೊತೆಗೇ ಕಳಚಿ ಬಂತು. ಸಿಮೆಂಟು ಇಟ್ಟಿಗೆಗಿಂತ ಗಟ್ಟಿ. ಎಳೆದರೆ ಸೋಲುವುದು ಇಟ್ಟಿಗೆಯೇ. ಹಳೆ ಕಟ್ಟಡದ ಲೆಕ್ಕಾಚಾರ ಇದಕ್ಕೆ ಉಲ್ಟಾ. ಅಲ್ಲಿ ಗಾರೆ ಇಟ್ಟಿಗೆಗಿಂತ ಮೆದು, ಗೋಡೆ ಅಲ್ಪಸ್ವಲ್ಪ ಮಿಸುಕಿದರೆ ಗಾರೆ ತಾನು ಬಿರಿದು ಇಟ್ಟಿಗೆಯನ್ನು ಉಳಿಸುತ್ತದೆ. ಮೇಸ್ತ್ರಿ ಏನೂ ಅನ್ನದೆ ಬ್ರೇಕರಿನ ವೈರು ಸುತ್ತಿ ಮೂಲೆಗಿಟ್ಟು ಅರ್ಧ ಇಂಚಿನ ಉಳಿ, ಸಣ್ಣ ಸುತ್ತಿಗೆ ಕೈಗೆ ಕೊಟ್ಟರು. ಪ್ಲಾಸ್ಟರಿನ ಅಂಚಿನಿಂದ ಶುರುಮಾಡಿ, ಗೋಡೆಗೆ ಸಮಾನಾಂತರವಾಗಿ ಉಳಿ ತೂರಿಸಿ, ಎಬ್ಬಿದರೆ ಟೊಳ್ಳಾದ ಭಾಗ ಹಪ್ಪಳದಂತೆ ಏಳುತ್ತದೆ. ಏಳದಿದ್ದಲ್ಲಿ ಬಿಟ್ಟುಬಿಡಬೇಕು. ಎರಡು ಕಡೆ ಬಿಟ್ಟಿದ್ದೇನೆ, ಈಗಲೂ ಅಲ್ಲಿ ಸಿಮೆಂಟೇ ಇದೆ.

ತೊಲೆ

ಮೂರು ಅಂಗಡಿಯ ಬಾಗಿಲುಗಳ ಮೇಲೆ ಒಂದೇ ಉದ್ದಕ್ಕೆ ಉಕ್ಕಿನ ಗರ್ಡರ್ ಹಾದುಹೋಗಿದೆ, ನಡುವೆ ಎರಡು ಕಂಬ, ಎರಡೂ ತುದಿ ಪಕ್ಕದ ಗೋಡೆಯೊಳಗೆ. ಮೇಲಂತಸ್ತಿನ ಇಡೀ ಮುಂಗೋಡೆ ಇದರ ಮೇಲೆ ಕೂತಿದೆ. ಪೇಟೆಯ ಅಂಗಡಿಗೆ ಅಗಲ ಬಾಗಿಲು ಬೇಕು, ಅಗಲ ಬಾಗಿಲಿಗೆ ಗಟ್ಟಿ ತೊಲೆ ಬೇಕು. ಅಂಗಡಿ ಕಟ್ಟಡದ ಚರಿತ್ರೆ ಅಂದರೆ ಹೆಚ್ಚಿನಂಶ ಈ ತೊಲೆಯ ಚರಿತ್ರೆಯೇ.

ಎಡತುದಿಯಲ್ಲಿ ನಾಲ್ಕು ಇಟ್ಟಿಗೆ ತೆಗೆದು ಕೈಹಾಕಿದೆ. ತುಕ್ಕು ಪುಸ್ತಕದ ಹಾಳೆಯಂತೆ ಪದರ ಪದರವಾಗಿ ಕೈಗೆ ಬಂತು. ತುಕ್ಕಿನ ಸಮಸ್ಯೆ ಕಬ್ಬಿಣ ಕರಗುವುದಷ್ಟೇ ಅಲ್ಲ, ಅದು ಉಬ್ಬುವುದು. ಕರಗಿದ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಜಾಗ ತುಕ್ಕಿಗೆ ಬೇಕು. ಗೋಡೆಯೊಳಗೆ ಆ ಜಾಗ ಎಲ್ಲಿಂದ ಬರಬೇಕು? ಇಟ್ಟಿಗೆಯ ಸಾಲನ್ನೇ ಎತ್ತುತ್ತದೆ. ಬಿರುಕು ದಾರ ಹಿಡಿದಂತೆ ನೇರ ಇದ್ದದ್ದು ಅದಕ್ಕೇ. ತೊಲೆಯ ಮೇಲ್ದಂಡೆ ನೇರವಾಗಿತ್ತು. ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ 20ನೇ ಶತಮಾನದ ಆರಂಭದ, ಉಕ್ಕಿನ ಚೌಕಟ್ಟಿಗೆ ಕಲ್ಲು ಹೊದಿಸಿದ ಕಟ್ಟಡಗಳಲ್ಲಿ ಇದೇ ಕಾಯಿಲೆ ಎಷ್ಟು ಕಾಣಿಸಿತೆಂದರೆ ಅಲ್ಲಿನ ಇಂಜಿನಿಯರುಗಳು ಇದನ್ನು "ರೀಜೆಂಟ್ ಸ್ಟ್ರೀಟ್ ರೋಗ" ಅಂತಲೇ ಕರೆಯುತ್ತಾರೆ.

ಸಿಮೆಂಟು ಇಲ್ಲಿ ಏನು ಮಾಡಿತು ಅನ್ನುವುದೂ ಸ್ಪಷ್ಟವಾಯಿತು. ಸುಣ್ಣದ ಗಾರೆ ಇದ್ದಾಗ ನೆನೆದ ಗೋಡೆ ಬಿಸಿಲು ಬಂದಾಗ ಒಣಗುತ್ತಿತ್ತು. ಸಿಮೆಂಟ್ ಪ್ಲಾಸ್ಟರು ಬಂದ ಮೇಲೆ ಕೊಳವೆಯ ಸಂಧಿಯಿಂದ ಒಳಹೋದ ನೀರಿಗೆ ಹೊರಬರುವ ದಾರಿ ಮುಚ್ಚಿತು. ಸಣ್ಣ ಬಿರುಕು ಕಂಡಾಗೆಲ್ಲ ಇನ್ನೊಂದು ಕೈ ಸಿಮೆಂಟು. ಒಂದು ಜಾಗದಲ್ಲಿ ಮೂರು ಪದರ ಎಣಿಸಿದೆ. ಪ್ರತಿ ಸಲವೂ ಕೆಲಸ ಚೊಕ್ಕ.

ಬಲತುದಿ ಬಿಚ್ಚಿ ನೋಡಿದರೆ ಅದೇ ತೊಲೆ, ಹೆಚ್ಚುಕಡಿಮೆ ಹೊಸದರಂತೆ. ತಂತಿ ಬ್ರಷ್ಷಿನಿಂದ ಉಜ್ಜಿದಾಗ ನಡುಪಟ್ಟಿಯ ಮೇಲೆ ಉಬ್ಬಕ್ಷರ ಎದ್ದವು: ಡಾರ್ಮನ್ ಲಾಂಗ್, ಮಿಡಲ್ಸ್‌ಬ್ರೋ. ಬಿಸಿ ಉಕ್ಕನ್ನು ಉರುಳೆಗಳ ನಡುವೆ ಎಳೆಯುವಾಗ ಉರುಳೆಯಲ್ಲೇ ಕೊರೆದಿಟ್ಟ ಹೆಸರು ತೊಲೆಯ ಉದ್ದಕ್ಕೂ ಮತ್ತೆ ಮತ್ತೆ ಮೂಡುತ್ತದೆ. 1932ರಲ್ಲಿ ತೆರೆದ ಸಿಡ್ನಿ ಬಂದರಿನ ಸೇತುವೆ ಕಟ್ಟಿದವರೂ ಇದೇ ಕಂಪನಿಯವರು. ಆ ಹೆಸರಿನ ಮೇಲೆ ಬೆರಳಾಡಿಸುತ್ತಾ ಸ್ವಲ್ಪ ಹೊತ್ತು ಸಾರುವೆಯ ಮೇಲೇ ಕೂತಿದ್ದೆ. ಮೇಸ್ತ್ರಿ ಕೆಳಗಿನಿಂದ "ಚಿನ್ನವಾ ಸಾರ್?" ಅಂತ ಕೂಗಿದರು.

ಅಳತೆ ಹಿಡಿದರೆ ಎತ್ತರ 10 ಇಂಚು, ಅಗಲ 5. ಮೊದಲೆಲ್ಲ ಒಂದೊಂದು ಕಾರ್ಖಾನೆಗೆ ಒಂದೊಂದು ಅಳತೆ. ಬ್ರಿಟನ್ನಿನಲ್ಲಿ 1901ರಲ್ಲಿ ಇಂಜಿನಿಯರುಗಳ ಸಮಿತಿಯೊಂದು ಕೂತು, ಚಾಲ್ತಿಯಲ್ಲಿದ್ದ ಉಕ್ಕಿನ ಕಟ್ಟಡ ಸಾಮಗ್ರಿಯ 175 ಬಗೆಯ ಅಳತೆಗಳನ್ನು 113ಕ್ಕೆ ಇಳಿಸಿತು. ಇಂದಿನ ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯ ಮೂಲ ಆ ಸಮಿತಿಯೇ. 10ಕ್ಕೆ 5 ಆ ಪಟ್ಟಿಗೆ ಹೊಂದುವ ಅಳತೆ. ಇದರಿಂದ ಇಸವಿ ಸಿಕ್ಕಿತು ಅಂತಲ್ಲ. ಅದೇ ಅಳತೆ ಅದಕ್ಕೂ ಮೊದಲೇ ಯಾರಾದರೂ ಉರುಳಿಸಿರಬಹುದು. ಆದರೆ ತೊಲೆ ಆಮೇಲೆ ತೂರಿಸಿದ್ದಲ್ಲ ಅನ್ನುವುದು ಖಾತ್ರಿ. ಬಲತುದಿ ಕೂತ ಕಲ್ಲಿನ ಸುತ್ತ ಇರುವುದು ಇಡೀ ಗೋಡೆಗೆ ಹಾಕಿದ ಗಾರೆಯೇ, ಎಲ್ಲೂ ಒಡೆದು ಸೇರಿಸಿದ ಗುರುತಿಲ್ಲ.

ರಿಪೇರಿಯ ಮಾತಿಗೆ ಬರುತ್ತೇನೆ. ಇದನ್ನು ನಾನೊಬ್ಬನೇ ನಿರ್ಧರಿಸಲಿಲ್ಲ, ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿದರು. ತೊಲೆಯ ಮೇಲಿನ ಗೋಡೆಯಲ್ಲಿ ಆರ್ಪಾರು ತೂತು ತೆಗೆದು ಅಡ್ಡ ಉಕ್ಕಿನ ತುಂಡು ತೂರಿಸಿ, ಒಳಗೂ ಹೊರಗೂ ಜಾಕಿ ಕೊಟ್ಟು, ಗೋಡೆಯ ಭಾರವನ್ನು ತೊಲೆಯಿಂದ ಬಿಡಿಸಿದೆವು. ಜಾಕಿಯನ್ನು ಒಂದೇ ಸಲ ಬಿಗಿಯಬಾರದು. ಒಂದೊಂದಕ್ಕೆ ಕಾಲು ಸುತ್ತು, ಮತ್ತೆ ಮೊದಲನೆಯದರಿಂದ. ಗಾಜಿನ ಪಟ್ಟಿ ನೋಡಿಕೊಂಡು. ತುಕ್ಕನ್ನು ಹೊಳಪು ಬರುವ ತನಕ ಕೆರೆದ ಮೇಲೆ ಕ್ಯಾಲಿಪರ್ ಇಟ್ಟರೆ, ಬಲತುದಿಯಲ್ಲಿ 14 ಮಿ.ಮೀ. ದಪ್ಪ ಇದ್ದ ಚಾಚುಪಟ್ಟಿ (ತೊಲೆಯ ಮೇಲೆ, ಕೆಳಗೆ ಅಡ್ಡಕ್ಕೆ ಚಾಚಿದ ಭಾಗ) ಎಡತುದಿಯಲ್ಲಿ 9ಕ್ಕೆ ಬಂದಿತ್ತು. ಪ್ಲೇಟು ಸೇರಿಸಬೇಕು. ವೆಲ್ಡಿಂಗ್ ಬೇಡ ಅಂದರು ಇಂಜಿನಿಯರ್. ಆ ಕಾಲದ ಉಕ್ಕಿನಲ್ಲಿ ಗಂಧಕ, ರಂಜಕ ಎಷ್ಟಿದೆ ಅಂತ ಪರೀಕ್ಷಿಸದೆ ಬೆಸುಗೆ ಹಾಕಿದರೆ ಬೆಸುಗೆಯ ಪಕ್ಕದಲ್ಲೇ ಸೀಳಬಹುದು. ಬೋಲ್ಟು ಹಾಕಿದೆವು. ಸತುವಿನ ಪ್ರೈಮರ್ ಎರಡು ಕೈ, ತೊಲೆಯ ತುದಿಯ ಸುತ್ತ ಇಟ್ಟಿಗೆಗೆ ತಾಗದಂತೆ ಗಾಳಿಯಾಡುವ ಸಂದು. ಎಲ್ಲಕ್ಕಿಂತ ಮೊದಲು ಮಳೆನೀರಿನ ಕೊಳವೆ ಬದಲಾಯಿತು. ಅದೊಂದನ್ನು ಆ ಕಾಲದಲ್ಲೇ ಮಾಡಿದ್ದರೆ ಈ ಅಧ್ಯಾಯವೇ ಇರುತ್ತಿರಲಿಲ್ಲ.

ಕಂಬ

ಎರಡು ಕಂಬಗಳಿಗೂ ಪ್ಲೈವುಡ್ ಪೆಟ್ಟಿಗೆ ಹಾಕಿದ್ದರು. ಒಳಗೆ ದುಂಡು ಕಬ್ಬಿಣ, ತಲೆಯ ಹತ್ತಿರ ಎಲೆಯ ಕುಸುರಿ. ಎರಕದ್ದೋ ಉಕ್ಕಿನದೋ? ಅಯಸ್ಕಾಂತ ಎರಡಕ್ಕೂ ಅಂಟುತ್ತದೆ. ಕಾಣದ ಜಾಗದಲ್ಲಿ 4 ಮಿ.ಮೀ. ಡ್ರಿಲ್ಲು ಹಾಕಿ ಅಂಗೈ ಒಡ್ಡಿ ನೋಡಬೇಕು. ಉಕ್ಕಾದರೆ ಸುರುಳಿ ಸುರುಳಿ ಬರುತ್ತದೆ. ನನ್ನ ಅಂಗೈಗೆ ಬಿದ್ದದ್ದು ಬೂದು ಪುಡಿ, ಪೆನ್ಸಿಲ್ಲಿನ ಸೀಸದಂತೆ ಬೆರಳಿಗೆ ಕಪ್ಪು ಮೆತ್ತಿತು. ಎರಕದ ಕಬ್ಬಿಣ. ಅದರಲ್ಲಿರುವ ಗ್ರಾಫೈಟಿನ ಕಪ್ಪು ಅದು.

ಎರಕ ಒತ್ತಡಕ್ಕೆ ಜಗ್ಗುವುದಿಲ್ಲ, ಎಳೆತಕ್ಕೆ ತಾಳುವುದಿಲ್ಲ. ಹಾಗಾಗಿ ಕಂಬಕ್ಕೆ ಅದು, ತೊಲೆಗೆ ಉಕ್ಕು. ನ್ಯೂಯಾರ್ಕಿನಲ್ಲಿ 1840ರ ದಶಕದ ಕೊನೆಯಲ್ಲಿ ಜೇಮ್ಸ್ ಬೊಗಾರ್ಡಸ್ ಅಂಗಡಿಗಳ ಇಡೀ ಮುಂಭಾಗವನ್ನೇ ಎರಕ ಹೊಯ್ದು ತುಂಡು ತುಂಡಾಗಿ ತಂದು ಬೋಲ್ಟು ಹಾಕಿ ನಿಲ್ಲಿಸಿದ. ಕಂಬ ಸಣ್ಣದಾದಷ್ಟೂ ಗಾಜು ದೊಡ್ಡದು, ಗಾಜು ದೊಡ್ಡದಾದಷ್ಟೂ ಸರಕು ಬೀದಿಗೆ ಕಾಣುತ್ತದೆ. ಬ್ರಾಡ್‌ವೇಯ ಹೌವೌಟ್ (Haughwout) ಕಟ್ಟಡ ಅದೇ ಸಾಲಿನದು. 1857ರಲ್ಲಿ ಎಲಿಶಾ ಓಟಿಸ್‌ನ ಪ್ರಯಾಣಿಕರ ಲಿಫ್ಟು ಮೊದಲು ಕೂತದ್ದು ಅಲ್ಲಿ, ಐದೇ ಅಂತಸ್ತಿನ ಪಿಂಗಾಣಿ, ಗಾಜು, ದೀಪಗಳ ಅಂಗಡಿಯಲ್ಲಿ. ಉಕ್ಕು ಅಗ್ಗವಾದ ಮೇಲೆ ಎರಕದ ಕಂಬ ಹಿಂದೆ ಸರಿಯಿತು. ಎರಕದ ಕಂಬದ ಮೇಲೆ ಉಕ್ಕಿನ ತೊಲೆ ಅನ್ನುವ ಜೋಡಿ ಸಿಗುವುದು ಸುಮಾರಾಗಿ 19ನೇ ಶತಮಾನದ ಕೊನೆಯಿಂದ 20ನೆಯದರ ಮೊದಲ ಕೆಲವು ದಶಕದವರೆಗೆ.

ಕಂಬದಲ್ಲಿ ಮಾಡಲು ಕೆಲಸವಿರಲಿಲ್ಲ. ಬಣ್ಣ ಕೆರೆದು ಬಳಿದೆವು, ಅಷ್ಟೆ. ಆ ಬಣ್ಣದಲ್ಲಿ ಸೀಸವಿತ್ತು. ಪರೀಕ್ಷಾ ಕಡ್ಡಿ ಕೆಂಪಗಾಯಿತು. ಒಣಗಿದ್ದನ್ನು ಕೆರೆಯಬೇಡಿ, ಕಿಚ್ಚು ಹಿಡಿಯಬೇಡಿ. ನೀರು ಚಿಮುಕಿಸಿ ಒದ್ದೆಯಲ್ಲೇ ಕೆರೆದು ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಡಿದು ಕಟ್ಟಿಡಿ. ಅಮೆರಿಕದಲ್ಲಿ ಮನೆಬಳಕೆಗೆ ಸೀಸದ ಬಣ್ಣವನ್ನು 1978ರಲ್ಲಿ ನಿಷೇಧಿಸಿದರು. ಅದಕ್ಕೆ ಮೊದಲಿನ ಯಾವ ಬಣ್ಣವನ್ನೂ ನಂಬದಿರುವುದೇ ಒಳ್ಳೆಯದು.

ಗಾರೆ

ಹಳೆ ಗೋಡೆಗೆ ಹೊಂದುವ ಗಾರೆ ಬೇಕೆಂದರೆ ಹಳೆಯದರಲ್ಲಿ ಏನಿದೆ ಗೊತ್ತಾಗಬೇಕು. ಸಂದಿನಿಂದ ತುಂಡು ತೆಗೆದು ಒಣಗಿಸಿ, ಪುಡಿ ಮಾಡಿ, 50 ಗ್ರಾಂ ತೂಗಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಚಿಟಿಕೆ ಚಿಟಿಕೆಯಾಗಿ ಹಾಕಿದೆ. ಆಮ್ಲ ತೆಳು ಮಾಡುವಾಗ ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ; ಕಣ್ಣಿಗೆ ಕನ್ನಡಕ ಬೇಕೇ ಬೇಕು. ಸೋಡಾ ಬಾಟಲಿ ತೆರೆದಂತೆ ನೊರೆ. ನೊರೆ ನಿಂತ ಮೇಲೆ ತಳದಲ್ಲಿ ಉಳಿದದ್ದು ಮರಳು: ತೊಳೆದು ಒಣಗಿಸಿ ತೂಗಿದರೆ 37 ಗ್ರಾಂ. ಕರಗಿದ 13 ಗ್ರಾಂ ಸುಣ್ಣ, ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾದದ್ದು. 100 ಭಾಗ ಸುಣ್ಣಕಲ್ಲಿಗೆ 74 ಭಾಗ ಅರಳಿದ ಸುಣ್ಣದ ಲೆಕ್ಕದಲ್ಲಿ ಅದು 9.6 ಗ್ರಾಂ. ಮರಳಿನಲ್ಲಿ ಚಿಪ್ಪಿನ ಚೂರಿದ್ದರೆ ಅದೂ ಕರಗಿ ಲೆಕ್ಕ ತಪ್ಪಿಸುತ್ತದೆ. ಭೂತಗನ್ನಡಿಯಲ್ಲಿ ನೋಡಿ ಇಲ್ಲ ಅಂತ ಖಚಿತ ಮಾಡಿಕೊಂಡಿದ್ದೆ.

ತೂಕವನ್ನು ಗಾತ್ರದ ಅಳತೆಗೆ ತಿರುಗಿಸಿದಾಗ (ಮರಳಿಗಿಂತ ಸುಣ್ಣ ಹಗುರ) ತಲೆ ಕೆರೆದುಕೊಳ್ಳಬೇಕಾಯಿತು. ಪುಸ್ತಕಗಳಲ್ಲಿ ಒಂದಕ್ಕೆ ಮೂರು ಅಂತಿರುತ್ತದೆ, ಒಂದು ಸುಣ್ಣ ಮೂರು ಮರಳು. ನನಗೆ ಬಂದದ್ದು ಒಂದಕ್ಕೆ ಒಂದೂವರೆಯ ಆಸುಪಾಸು. ಎರಡನೇ ತುಂಡಿಗೂ ಅದೇ. ಮೇಸ್ತ್ರಿಗೆ ಹೇಳಿದೆ. "ಸುಣ್ಣ ಅರಳೋಕ್ಮುಂಚೆ ಅಳೆದವರೆ ಸಾರ್. ಅರಳಿದ್ಮ್ಯಾಕೆ ಎರಡಾಯ್ತದಲ್ಲ." ಹೌದು. ಸುಟ್ಟ ಸುಣ್ಣ ನೀರು ಕುಡಿದು ಅರಳಿದಾಗ ಗಾತ್ರ ಸುಮಾರು ದುಪ್ಪಟ್ಟು. ಸುಟ್ಟ ಸುಣ್ಣ ಒಂದು ಬುಟ್ಟಿ, ಮರಳು ಮೂರು ಬುಟ್ಟಿ ಹಾಕಿ ಅಲ್ಲೇ ನೀರು ಸುರಿದರೆ ಕೊನೆಗೆ ಒಂದಕ್ಕೆ ಒಂದೂವರೆಯೇ ಆಗುತ್ತದೆ. ನನ್ನ ಅರ್ಧ ದಿನದ ಲೆಕ್ಕ ಅವರಿಗೆ ಬಾಯಲ್ಲೇ ಇತ್ತು.

ಸುಣ್ಣ ಅರಳಿಸಿದ್ದು ಹಿತ್ತಲಿನ ತೊಟ್ಟಿಯಲ್ಲಿ. ನೀರಿಗೆ ಬಿದ್ದ ಹೆಂಟೆ ಮೊದಲು ಸುಮ್ಮನಿದ್ದು, ಆಮೇಲೆ ಸೀಳಿ, ಕುದಿಯುತ್ತದೆ. ದೂರ ನಿಲ್ಲಬೇಕು. ಜರಡಿ ಹಿಡಿದು, ನೀರು ಮುಚ್ಚಿಟ್ಟು, ಮೊಸರಿನಷ್ಟು ಗಟ್ಟಿಯಾಗುವ ತನಕ ಬಿಟ್ಟೆವು. ಕೊಳವೆಯ ಪಕ್ಕದ ಸಂದುಗಳಿಗೆ ಮಾತ್ರ ಇಟ್ಟಿಗೆಪುಡಿ, ಅಂದರೆ ಸುರ್ಕಿ ಸೇರಿಸಿದ್ದು. ಚೆನ್ನಾಗಿ ಬೆಂದ ಮಣ್ಣಿನ ಪುಡಿ ಸುಣ್ಣದ ಜೊತೆ ಸೇರಿ ತೇವದಲ್ಲೂ ಗಟ್ಟಿಯಾಗುತ್ತದೆ. 1824ರಲ್ಲಿ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆಯುವ ಎಷ್ಟೋ ಶತಮಾನ ಮೊದಲು ರೋಮನ್ನರು ಇದೇ ಉಪಾಯದಿಂದ ತೊಟ್ಟಿ ಕಟ್ಟುತ್ತಿದ್ದರು.

ಎರಡನೇ ತಪ್ಪು ಇಲ್ಲಿ. ಮೊದಲ ದಿನ ಬಲಗಡೆಯ ಎರಡು ಮೀಟರ್ ಸಂದು ತುಂಬಿ, ಕೆಲಸ ಚೆನ್ನಾಗಿ ಬಂತು ಅಂತ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಮಧ್ಯಾಹ್ನದ ಬಿಸಿಲು ನೇರ ಬಿತ್ತು. ಮಾರನೇ ಬೆಳಗ್ಗೆ ಪ್ರತಿ ಸಂದಿನಲ್ಲೂ ಕೂದಲೆಳೆ ಬಿರುಕು, ಬೆರಳಲ್ಲಿ ಉಜ್ಜಿದರೆ ಪುಡಿ. ಸುಣ್ಣ ಗಟ್ಟಿಯಾಗುವುದು ಒಣಗಿ ಅಲ್ಲ, ಗಾಳಿ ಹೀರಿ. ಹೀರಲು ತೇವ ಬೇಕು. ಎಲ್ಲ ಕಿತ್ತು ಮತ್ತೆ ತುಂಬಿ, ಈ ಸಲ ಮುಂಚಿತವಾಗಿ ಇಟ್ಟಿಗೆ ನೆನೆಸಿ, ಸಾರುವೆಗೆ ಒದ್ದೆ ಗೋಣಿ ಇಳಿಬಿಟ್ಟು, ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆವು. ಮೂರು ವಾರ ಕಳೆದು ಒಂದು ಚೂರು ಒಡೆದು, ಇನ್ನೂ ಗಾಳಿ ಹೀರದ ಸುಣ್ಣಕ್ಕೆ ತಾಗಿದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ದ್ರಾವಣ ಹನಿಸಿದರೆ ಹೊರಗಿನ ತೆಳು ಪದರ ಬಣ್ಣ ಹಿಡಿಯಲಿಲ್ಲ, ಒಳಗೆಲ್ಲ ಕಡು ಗುಲಾಬಿ. ಗುಲಾಬಿ ಇರುವಷ್ಟೂ ಇನ್ನೂ ಆಗಬೇಕಾದ್ದು. ಅಣ್ಣನಿಗೆ ಆ ಫೋಟೋ ಕಳಿಸಲಿಲ್ಲ.

ಮೇಲಿನ ಕೋಣೆ

ಇಲ್ಲಿ ರಿಪೇರಿ ಕಡಿಮೆ, ನೋಡುವುದು ಜಾಸ್ತಿ. ಕಿಟಕಿಗಳ ಹಳೆ ಗಾಜಿನೊಳಗಿಂದ ಎದುರು ಕಟ್ಟಡ ನೀರಿನೊಳಗಿದ್ದಂತೆ ಅಲುಗುತ್ತದೆ. ಕರಗಿದ ತವರದ ಮೇಲೆ ತೇಲಿಸಿ ಗಾಜು ಮಾಡುವ ವಿಧಾನವನ್ನು ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಹೊರಗೆಡಹಿದ ಮೇಲೆ ಕಿಟಕಿ ಗಾಜು ಸಪಾಟಾದದ್ದು. ಹಳೆ ಗಾಜು ಕಾಲ ಕಳೆದಂತೆ ಕೆಳಗೆ ಹರಿದು ದಪ್ಪವಾಗುತ್ತದೆ ಅಂತ ಇಂಜಿನಿಯರ್ ಜೊತೆ ಬಂದ ಹುಡುಗ ಹೇಳಿದ. ಎಲ್ಲರೂ ಹೇಳುತ್ತಾರೆ, ನಿಜವಲ್ಲ. ಮಾಡುವಾಗಲೇ ಏರುಪೇರು, ಕೂರಿಸುವವರು ದಪ್ಪ ಅಂಚನ್ನು ಕೆಳಗಿಟ್ಟಿರಬಹುದು. ನಮ್ಮಲ್ಲೇ ಒಂದು ಗಾಜು ಮೇಲುಗಡೆ ದಪ್ಪ.

ನನಗೆ ಹೆಚ್ಚು ಬೇಕಾದದ್ದು ಸಿಕ್ಕಿದ್ದು ಗೋಡೆಯ ಪಿಂಗಾಣಿ ಗುಬಟುಗಳಲ್ಲಿ. ಹಳೆ ಕರೆಂಟಿನ ತಂತಿ ಹಿಡಿಯಲು ಜೋಡಿ ಜೋಡಿ ಪಿಂಗಾಣಿ ತುಂಡು, ರಬ್ಬರು ಹೊದಿಸಿದ ತಂತಿ, ಮುಟ್ಟಿದರೆ ರಬ್ಬರು ಬಿಸ್ಕತ್ತಿನಂತೆ ಉದುರುತ್ತದೆ. ಕರೆಂಟು ಎಂದೋ ಕಡಿದಿತ್ತು, ಆದರೂ ಟೆಸ್ಟರ್ ಹಚ್ಚಿಯೇ ಕೈಹಾಕಿದೆ. ಒಂದು ಗುಬಟು ಬಿಚ್ಚಿ, ಅದರ ಹಿಂದಿನ ಸುಣ್ಣಕ್ಕೆ ನಯವಾದ ಉಪ್ಪುಕಾಗದ ಹಿಡಿದು ಬೊಟ್ಟಿನಗಲ ವೃತ್ತಾಕಾರವಾಗಿ ತಗ್ಗು ಮಾಡಿದೆ. ಹೀಗೆ ಮಾಡಿದರೆ ಪದರಗಳು ಮರದ ವರ್ಷದುಂಗುರದಂತೆ ಕಾಣುತ್ತವೆ. ಗುಬಟಿನ ಪಕ್ಕದ ಬಯಲು ಗೋಡೆಯಲ್ಲಿ 14 ಉಂಗುರ. ಗುಬಟಿನ ಹಿಂದೆ 3: ಬಿಳಿ, ಬಿಳಿ, ತೆಳು ನೀಲಿ. ಮೂರನೆಯದರ ಮೇಲೆ ದೀಪದ ಮಸಿಯ ಎಳೆ.

ಅಂದರೆ ಗೋಡೆ ಎದ್ದು, ಮೂರು ಸಲ ಸುಣ್ಣ ಕಂಡು, ಎಣ್ಣೆದೀಪದ ಹೊಗೆ ಕುಡಿದ ಮೇಲೆ ಕರೆಂಟು ಬಂದದ್ದು. ಸುಣ್ಣ ಎಷ್ಟು ವರ್ಷಕ್ಕೊಮ್ಮೆ ಹೊಡೆಯುತ್ತಿದ್ದರೋ ಯಾರು ಹೇಳಬೇಕು. ಆದರೂ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಗಟ್ಟಿ, ಅದು ಕಾಗದದಲ್ಲಿ ಇರಲಿಲ್ಲ. ಆ ಜಾಗಕ್ಕೆ ಹೊಸ ಬಣ್ಣ ಬಳಿಯದೆ ಬಿಟ್ಟಿದ್ದೇನೆ.

ಅಂಕಿ

ಪ್ಯಾರಪೆಟ್ಟನ್ನು ಕೊನೆಗೆ ಇಟ್ಟುಕೊಂಡಿದ್ದೆ. ಸಿಮೆಂಟಿನ ತೇಪೆಯನ್ನು ಉಳಿಯಿಂದ ಎಬ್ಬಿಸಲು ಒಂದಿಡೀ ಬೆಳಗ್ಗೆ ಹಿಡಿಯಿತು. ಗಾರೆಯಲ್ಲಿ ಅಂಕಿ ಮಾಡುವವರು ಮೊದಲು ಆ ಜಾಗದಲ್ಲಿ ಕರಣೆಯ ತುದಿಯಿಂದ ಗೀಚಿ ಒರಟು ಮಾಡುತ್ತಾರೆ, ಮೇಲಿನ ಗಾರೆ ಹಿಡಿದುಕೊಳ್ಳಲಿ ಅಂತ. ಅಂಕಿ ಬಿದ್ದುಹೋದರೂ ಗೀಚು ಉಳಿದಿರುತ್ತದೆ. ಮೂರನೇ ಅಂಕಿಯ ಜಾಗದಲ್ಲಿ ಗೀಚು ಸಿಕ್ಕಿತು, ಮೊಟ್ಟೆಯಾಕಾರದ ಬಳೆಯಂತೆ, ಮೇಲಿಂದ ಕೆಳಗಿನವರೆಗೆ ಪೂರ್ತಿ, ನಡುವೆ ನುಣುಪು. ಮೇಸ್ತ್ರಿ ಒದ್ದೆ ಬಟ್ಟೆಯಿಂದ ಒರೆಸಿ, ಓರೆಯಾಗಿ ಟಾರ್ಚು ಹಿಡಿದರು. ಸೊನ್ನೆ. 8 ಅಂದರೆ ನಡುವೆ ಗಂಟಿರಬೇಕಿತ್ತು. 6 ಅಥವಾ 9 ಅಂದರೆ ಬಳೆ ಅರ್ಧಕ್ಕೇ ಮುಗಿಯಬೇಕಿತ್ತು. ಎರಕದ ಕಂಬ, ಅಳತೆಯ ತೊಲೆ, ಕರೆಂಟಿಗೂ ಮೊದಲಿನ ಮಸಿ, ಮೂರೂ ಸೊನ್ನೆಗೆ ಒಪ್ಪುತ್ತವೆ.

ನಾಲ್ಕನೇ ಅಂಕಿಯ ಜಾಗದಲ್ಲಿ ಬೋಲ್ಟಿನ ತೂತು. ತೂತಷ್ಟೇ ಆಗಿದ್ದರೆ ಪರವಾಗಿಲ್ಲ. ಕೊರೆಯುವಾಗ ಸುತ್ತಲಿನ ಗಾರೆ ಹೆಂಟೆಯಾಗಿ ಬಿದ್ದು ಇಟ್ಟಿಗೆಯೇ ಕಾಣುತ್ತಿತ್ತು. ಒಂದು ಗೀಚೂ ಇಲ್ಲ. ಇಡೀ ಮೇಲಂತಸ್ತನ್ನು ಕಾಪಾಡಿದ ತಗಡು ಅದೊಂದನ್ನು ತಿಂದಿತ್ತು.

ಅಣ್ಣ ಸಂಜೆ ಬಂದು ಸಾರುವೆ ಹತ್ತಿದ. ಕೆಡವುವ ಮಾತು ತೆಗೆಯಲಿಲ್ಲ. ಸೊನ್ನೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, "ನಾಲ್ಕನೇದು ಐದು ಹಾಕಿಸೋಣ, ಮಧ್ಯದ್ದು. ಯಾರು ಕೇಳ್ತಾರೆ?" ಅಂದ.

"ಅಣ್ಣಾ, ಸಿಮೆಂಟ್ ಹಚ್ಚಿದವನೂ ಹಾಗೇ ಅಂದುಕೊಂಡಿರಬೇಕು."

ನಕ್ಕ. ಮೇಸ್ತ್ರಿ ನನ್ನ ಕಡೆ ನೋಡಿದರು, ಕೈಯಲ್ಲಿ ಗಾರೆಯ ಬಾಣಲೆ. ಸೊನ್ನೆಯನ್ನು ಹಳೆ ಗೀಚಿನ ಮೇಲೇ ಹೊಸ ಸುಣ್ಣದಲ್ಲಿ ಎಬ್ಬಿಸಿದರು, 9ರ ದಪ್ಪವನ್ನು ದಾರದಲ್ಲಿ ಅಳೆದುಕೊಂಡು. ಪಕ್ಕದ ತೂತಿಗೆ ಇಟ್ಟಿಗೆ ಚೂರು ತುರುಕಿ, ಎರಡು ಸಲ ಗಾರೆ ತುಂಬಿ, ಗೋಡೆಯ ಮಟ್ಟಕ್ಕೆ ಸವರಿ ಬಿಟ್ಟರು. ಅದರ ಮೇಲೆ ಗೋಣಿ ಇಳಿಬಿಟ್ಟಿದ್ದೇವೆ, ತೆಗೆಯಲು ಇನ್ನೂ ಎಂಟು ದಿನ. ಹಿಂಗೋಡೆಯ ಸಿಮೆಂಟನ್ನು ಮಳೆ ನಿಂತ ಮೇಲೆ ಮುಟ್ಟುತ್ತೇವೆ.